ನಾಲ್ಕು ವಾರಕ್ಕೊಮ್ಮೆ ಭಟ್ಟರ ಜೊತೆ

ಅವರನ್ನು ನಾವೆಲ್ಲ ಭಟ್ಟರು ಎಂದೇ ಕರೆಯುತ್ತಿದ್ದೆವು. ಅವರಿಗೆ ಅದು ಸುತರಾಂ ಹಿಡಿಸುತ್ತಿರಲಿಲ್ಲ. ಭಟ್ಟ ನಮ್ಮಪ್ಪ, ನಾನು ಟೆಸ್ಟಿಂಗ್ ಇಂಜಿನಿಯರ್ ಎಂದು ಸಿಕ್ಕವರಿಗೆಲ್ಲ ತಿದ್ದುತ್ತಿದ್ದರು. ಆದರೆ ಜಪಾನಿನ ಓಜಿಮಾದ ನಮ್ಮ ಹದಿನಾಲ್ಕು ಮಹಡಿಯ ಕಟ್ಟಡಗಳ ಸಾಲಿಗೆ ಕನ್ನಡದವರು ಯಾರೇ ಹೊಸದಾಗಿ ಬರಲಿ, ಹಾಲು ಉಕ್ಕಿಸುವ ಮುಂಚೆ ಕೇಳುತ್ತಿದ್ದ ಪ್ರಶ್ನೆ ಭಾನುವಾರ ಭಟ್ಟರು ಫ್ರೀ ಇದ್ದಾರಾ ಅನ್ನುವುದೇ. ಹೀಗಿರುವಾಗ ಅವರ ಇಷ್ಟ ಕಟ್ಟಿಕೊಂಡು ಯಾರಿಗೇನಾಗಬೇಕು.

ಈ ಜನವರಿಯಲ್ಲಿ ತೀರಿಕೊಂಡರು. ಸಗಮಿಹಾರಾದಿಂದ ಕೆಲಸ ಮುಗಿಸಿಕೊಂಡು ಬರುವಾಗ ರೈಲಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಐವತ್ತೂ ತುಂಬಿರಲಿಲ್ಲ. ನಮ್ಮ ಕನ್ನಡ ಬಳಗದವರು ಯುಗಾದಿ ಸಂಚಿಕೆಗೆ ಎರಡು ಪುಟ ಬರೆದುಕೊಡಿ, ನೀವೇ ತಾನೆ ಅವರಿಗೆ ತುಂಬ ಸಹಾಯ ಮಾಡಿದವರು ಎಂದರು. ಬರೆದುಕೊಟ್ಟೆ. ಅವರ ಸತ್ಯನಾರಾಯಣ ಕಥೆ, ಸಜ್ಜಿಗೆ ಮೇಲಿನ ಪ್ರೀತಿ, ನಗು ಎಲ್ಲ ಅದರಲ್ಲಿದೆ. ಓದಿದವರು ಫೋನ್ ಮಾಡಿ ಅತ್ತರು. ಸಹಾಯ ಮಾಡಿದವಳು ಅನ್ನುವ ಮಾತನ್ನು ಅದರಲ್ಲಿ ಹಾಗೇ ಬಿಟ್ಟಿದ್ದೇನೆ. ಇಲ್ಲಿ ಬರೆಯುವುದು ಬೇರೆ.

ಪೂಜೆಗೆ ಬರುವಾಗ ಅವರ ವೇಷ ನೋಡಬೇಕಿತ್ತು. ಒಳಗೆ ಥರ್ಮಲ್ ಪ್ಯಾಂಟು, ಅದರ ಮೇಲೆ ಪಂಚೆ, ಪಂಚೆಯ ಮೇಲೆ ಮೊಣಕಾಲು ಮುಟ್ಟುವ ಕಪ್ಪು ಜಾಕೆಟ್ಟು. ಬೆನ್ನಿಗೆ ಕಂಪನಿಯವರು ಕೊಟ್ಟ ಲ್ಯಾಪ್‌ಟಾಪ್ ಬ್ಯಾಗು. ಲ್ಯಾಪ್‌ಟಾಪ್ ಇಡುವಲ್ಲಿ ಮಣೆ, ಚಾರ್ಜರ್ ಇಡುವಲ್ಲಿ ಗಂಟೆ. ಲಿಫ್ಟಿನಲ್ಲಿ ಜಪಾನಿ ಅಜ್ಜಿಯರು ಸಿಕ್ಕರೆ ಗಂಟೆ ಸದ್ದಾಗದಂತೆ ಬ್ಯಾಗನ್ನು ಅಪ್ಪಿಕೊಂಡು ಮೂಲೆಗೆ ಒತ್ತಿಕೊಂಡು ನಿಂತು ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಿದ್ದರು. ಮೊದಲ ಒಂಬತ್ತು ವರ್ಷದಲ್ಲಿ ಅವರು ಕಲಿತಿದ್ದ ಜಪಾನಿ ಭಾಷೆ ಹೆಚ್ಚುಕಮ್ಮಿ ಅಷ್ಟೇ. ಅವರ ಪ್ರಾಜೆಕ್ಟು ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಮನೆಗೆ ಬಂದರೆ ಸುತ್ತ ನಾವೇ ಇದ್ದೆವು.

ನಾನು ಅವರಿಗಿಂತ ಎರಡೇ ವರ್ಷ ಚಿಕ್ಕವಳು. ಆದರೂ ನನ್ನನ್ನು ತಾಯಿ ಎನ್ನುತ್ತಿದ್ದರು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನೋಡಿದರೆ ಇಪ್ಪತ್ತಾರರ ಹುಡುಗಿಯರಿಗೂ ತಾಯಿಯೇ. ಸರಿ, ಎಲ್ಲರೂ ಮುದುಕಿಯರಾದರೆ ಬೇಸರವಿಲ್ಲ ಅಂದುಕೊಂಡು ಸುಮ್ಮನಾದೆ.

ಟೆಸ್ಟಿಂಗಿನವರ ಬುದ್ಧಿ ಪೂಜೆಯಲ್ಲೂ ಬಿಡುತ್ತಿರಲಿಲ್ಲ. ಸಾಮಾನಿನ ಪಟ್ಟಿ ಹಿಂದಿನ ವಾರವೇ ಎಕ್ಸೆಲ್ ಫೈಲಾಗಿ ಬರುತ್ತಿತ್ತು. ಬಂದವರೇ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಒಂದು ಸಲ ನಮ್ಮ ಮನೆಯಲ್ಲಿ ಕಾಯಿಗೆ ಜುಟ್ಟಿಲ್ಲ, ಇದು ಬ್ಲಾಕರ್, ಮುಂದೆ ಹೋಗಲಾಗುವುದಿಲ್ಲ ಎಂದು ಕೈಕಟ್ಟಿ ಕೂತುಬಿಟ್ಟರು. ನನ್ನ ಗಂಡ ಸೈಕಲ್ ಹತ್ತಿ ಇನ್ನೊಂದು ಕಾಯಿ ತರುವ ತನಕ ಗಣಪತಿಗೂ ಪೂಜೆಯಿಲ್ಲ, ನಮಗೂ ಊಟವಿಲ್ಲ. ಕರ್ಪೂರ ಹಚ್ಚುವ ಮುಂಚೆ ಚಾವಣಿಯಲ್ಲಿದ್ದ ಸ್ಮೋಕ್ ಡಿಟೆಕ್ಟರಿಗೆ ಕೈಮುಗಿಯುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಏನೇ ಆದರೂ ಅವರು ಹೇಳುತ್ತಿದ್ದ ಮಾತು 'ಬರ್ದುಬಿಡೋಣ'. ಹಾಲು ಒಡೆಯಿತಾ, ಬರ್ದುಬಿಡೋಣ. ಮುಹೂರ್ತಕ್ಕೆ ಐದು ನಿಮಿಷ ತಡವಾಯಿತಾ, ಬರ್ದುಬಿಡೋಣ. ಅದಕ್ಕೆಂದೇ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇತ್ತು. ಬರೆಯದೆ ಬಿಟ್ಟ ತಪ್ಪು ಮುಂದೆಲ್ಲೋ ಬೇರೆಯವರ ತಲೆಗೆ ಬರುತ್ತದೆ ಎನ್ನುವುದು ಇಪ್ಪತ್ತೆರಡು ವರ್ಷ ಟೆಸ್ಟಿಂಗ್ ಮಾಡಿದ ಅವರ ನಂಬಿಕೆ.

ದಕ್ಷಿಣೆಯ ವಿಷಯದಲ್ಲೂ ಒಂದು ಕಟ್ಟಳೆ ಇತ್ತು. ಎಷ್ಟು ಕೊಡಿ ಎಂದು ಕೇಳುತ್ತಿರಲಿಲ್ಲ, ಬೇಡ ಎಂದೂ ಹೇಳುತ್ತಿರಲಿಲ್ಲ. ದಕ್ಷಿಣೆ ಕೊಡದಿದ್ದರೆ ಮಾಡಿಸಿದವರಿಗೆ ಪೂಜೆ ಪೂರ್ಣವಾಗುವುದಿಲ್ಲ, ಬೇಡ ಅನ್ನಲು ನನಗೇನು ಹಕ್ಕಿದೆ ಎನ್ನುತ್ತಿದ್ದರು. ಇದು ಮೈಸೂರಿನಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದ ಅವರ ತಂದೆಯಿಂದ ಬಂದದ್ದು. ಕೈತುಂಬ ಸಂಬಳವಿದ್ದ ಕಾಲದಲ್ಲಿ ಎಲೆ ಅಡಿಕೆಯ ಮೇಲೆ ಇಟ್ಟದ್ದನ್ನು ಕಣ್ಣಿಗೊತ್ತಿಕೊಂಡು, ಅಲ್ಲಿದ್ದ ಮಕ್ಕಳನ್ನೆಲ್ಲ ಕೆಳಗಿನ ಕೊಂಬಿನಿ ಅಂಗಡಿಗೆ ಕರೆದುಕೊಂಡು ಹೋಗಿ ಐಸ್‌ಕ್ರೀಂ ಕೊಡಿಸಿ ಅಷ್ಟನ್ನೂ ಮುಗಿಸಿ ಬರುತ್ತಿದ್ದರು.

ಮೂರು ವರ್ಷದ ಹಿಂದಿನ ಜೂನಿನಲ್ಲಿ ಅವರ ಕಂಪನಿ ಇಡೀ ಟೀಮನ್ನು ಮುಚ್ಚಿತು. ಆಗ ಅವರ ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಈ ದೇಶದಲ್ಲಿ ಹೈಸ್ಕೂಲು ಶುರುವಾಗುವುದೇ ಹತ್ತನೇ ತರಗತಿಯಿಂದ, ಅದಕ್ಕೆ ಸೇರಲು ಫೆಬ್ರವರಿಯಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು, ಅದಕ್ಕೆ ಮಕ್ಕಳು ವರ್ಷಗಟ್ಟಲೆ ಕಾದಾಡುತ್ತವೆ. ಆ ಹುಡುಗಿ ಐದನೇ ವಯಸ್ಸಿನಿಂದ ಇಲ್ಲೇ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತಿತ್ತು. ಮಧ್ಯದಲ್ಲಿ ಕಿತ್ತು ಮೈಸೂರಿಗೆ ಕರೆದೊಯ್ದರೆ ಯಾವ ಭಾಷೆಯಲ್ಲಿ ಪರೀಕ್ಷೆ ಬರೆಸುವುದು. ಭಟ್ಟರ ವೀಸಾ ಇಂಜಿನಿಯರ್ ವೀಸಾ, ಏಪ್ರಿಲಿನಲ್ಲಿ ಮುಗಿಯುವುದರಲ್ಲಿತ್ತು. ಆ ವೀಸಾದವರು ಇಂಜಿನಿಯರ್ ಕೆಲಸವನ್ನೇ ಮಾಡಬೇಕು, ಬೇರೆ ಕಸುಬು ಹಿಡಿಯಬಾರದು, ಕೆಲಸ ಹುಡುಕದೆ ಸುಮ್ಮನೆಯೂ ಕೂರಬಾರದು. ಹೇಗಾದರೂ ಮಾಡಿ ಪರೀಕ್ಷೆ ಮುಗಿಯುವ ತನಕ ಇಲ್ಲಿ ನಿಲ್ಲಬೇಕು, ಅಷ್ಟರೊಳಗೆ ಕೆಲಸ ಸಿಗಬೇಕು. ಗಂಡ ಹೆಂಡತಿ ಇಬ್ಬರ ತಲೆಯಲ್ಲೂ ಇದ್ದದ್ದು ಇದೊಂದೇ.

ಕೈಹಿಡಿದದ್ದು ನಿರುದ್ಯೋಗ ಭತ್ಯೆ. ಅದನ್ನು ಕೊಡುವ ಉದ್ಯೋಗ ಕಚೇರಿ ನಮ್ಮಲ್ಲಿಂದ ಬಸ್ಸಿನಲ್ಲಿ ಕಾಲು ಗಂಟೆ. ನಾಲ್ಕು ವಾರಕ್ಕೊಮ್ಮೆ ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಹೋಗಿ ಒಂದು ಫಾರಂ ಕೊಡಬೇಕು. ಮಗಳನ್ನು ಮಾತಾಡಲು ಕರೆದೊಯ್ಯಬಹುದಿತ್ತು, ಆದರೆ ಭಟ್ಟರು ಒಪ್ಪಲಿಲ್ಲ. ನಾನು ಅಲ್ಲಿ ತಲೆತಗ್ಗಿಸಿ ಕೂತಿರೋದನ್ನ ಅವಳು ನೋಡೋದು ಬೇಡ ಎಂದರು. ಹಾಗಾಗಿ ನಾನು ಹೊರಟೆ. ಹದಿನೈದು ವರ್ಷ ಇಲ್ಲಿ ಸಂಸಾರ ಮಾಡಿ, ಶಾಲೆಯ ಅಮ್ಮಂದಿರ ಜೊತೆ ಜಗಳವಾಡಿ ಜಪಾನಿ ಕಲಿತವಳು ನಾನು. ನಮ್ಮ ಕಟ್ಟಡದ ಅರ್ಧ ಜನರ ಆಸ್ಪತ್ರೆ, ಪೋಸ್ಟಾಫೀಸು, ಬ್ಯಾಂಕು ನನ್ನ ಬಾಯಿಂದಲೇ ನಡೆಯುತ್ತಿತ್ತು. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಆ ಫಾರಂನಲ್ಲಿ ಒಂದು ಕ್ಯಾಲೆಂಡರ್ ಇರುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಏನಾದರೂ ಕೆಲಸ ಮಾಡಿದ ದಿನಕ್ಕೆ ಸೊನ್ನೆ ಸುತ್ತಬೇಕು. ಅದಕ್ಕಿಂತ ಕಮ್ಮಿಯಾದರೆ ಕತ್ತರಿ ಗುರುತು ಹಾಕಿ ಎಷ್ಟು ಬಂತು ಎಂದು ಬರೆಯಬೇಕು. ಸೊನ್ನೆ ಬಿದ್ದ ದಿನದ ಭತ್ಯೆ ಮುಂದಕ್ಕೆ ಹೋಗುತ್ತದೆ, ಕತ್ತರಿ ಬಿದ್ದರೆ ಒಂದಷ್ಟು ಕಡಿಯಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಪಡೆದದ್ದು ವಾಪಸ್, ಅದರ ಮೇಲೆ ದಂಡ. ಕೌಂಟರಿನಲ್ಲಿ ಕೂರುತ್ತಿದ್ದವರು ಮೊರಿ ಸಾನ್ ಎಂಬ ಐವತ್ತು ದಾಟಿದ ಸಣಕಲು ಮನುಷ್ಯ. ಮೊದಲ ಸಲವೇ ಭಟ್ಟರು ಫಾರಂ ತಳ್ಳಿ, ನಾನು ಎರಡು ಭಾನುವಾರ ಪೂಜೆ ಮಾಡಿಸಿದ್ದೇನೆ, ಅದನ್ನು ಎಲ್ಲಿ ಬರೆಯಬೇಕು ಕೇಳಿ ಎಂದರು.

ನನಗೆ ತಲೆ ಚಿಟ್ಟುಹಿಡಿಯಿತು. ಯಾರು ಕೇಳಿದರು ಇವರನ್ನು. ಕನ್ನಡದಲ್ಲೇ ಬೈದೆ. ದೇವರ ಪೂಜೆಯನ್ನೂ ಯಾರಾದರೂ ಉದ್ಯೋಗ ಅಂತಾರೇನ್ರೀ ಎಂದೆ. ದುಡ್ಡು ತಗೊಂಡಿದ್ದೀನಲ್ಲ ತಾಯಿ ಎಂದರು. ಮೊರಿ ಸಾನ್ ಪೆನ್ನು ಹಿಡಿದು ಕಾಯುತ್ತಿದ್ದರು. ಪೂಜೆ ಅಂದರೇನು, ದಕ್ಷಿಣೆ ಅಂದರೇನು, ಅದು ಸಂಬಳವಲ್ಲ, ಭಿಕ್ಷೆಯೂ ಅಲ್ಲ ಎಂದು ವಿವರಿಸುವಷ್ಟರಲ್ಲಿ ನನ್ನ ಜಪಾನಿಯೆಲ್ಲ ಬತ್ತಿಹೋಯಿತು. ಅವರು ಗಂಭೀರವಾಗಿ ಕೇಳಿ, ಒಟ್ಟು ಎಷ್ಟು ಗಂಟೆ ಹಿಡಿಯಿತು ಎಂದರು.

ಅಲ್ಲಿಂದ ಶುರುವಾಯಿತು. ಭಟ್ಟರು ಪೂಜೆಗೆ ಕೂರುವಾಗ ಫೋನಿನಲ್ಲಿ ಗಡಿಯಾರ ಒತ್ತಿ ಪಕ್ಕಕ್ಕಿಡುತ್ತಿದ್ದರು. ಮಣೆ ಹಾಕಿದಾಗ ಶುರು, ಕಲಶ ಕದಲಿಸಿದಾಗ ಕೊನೆ. ಸತ್ಯನಾರಾಯಣ ಪೂಜೆ ಮಂಡಲ ಬರೆಯುವುದರಿಂದ ಹಿಡಿದು ಅವರ ಲೆಕ್ಕದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಅಲ್ಲಲ್ಲಿ ಬೇಗ ಓದಿದರೆ ಸೊನ್ನೆ ಹೋಗಿ ಕತ್ತರಿಯಾಗುತ್ತದಲ್ಲ ಎಂದು ನಾನು ಉಪಾಯ ಹೇಳಿದೆ.

"ಕಥೆಯಲ್ಲಿ ಐದು ಅಧ್ಯಾಯ ಇದೆ ತಾಯಿ," ಎಂದರು. "ಕಚೇರಿಯವರ ನಾಲ್ಕು ಗಂಟೆಗೆ ಅಂತ ನಾಲ್ಕನೇ ಅಧ್ಯಾಯದ ನಡುವೆ ನಿಲ್ಲಿಸಿದ್ರೆ, ಆ ವ್ಯಾಪಾರಿಯ ಹಡಗು ಮುಳುಗಿದ್ದು ಮುಳುಗೇ ಇರುತ್ತೆ."

ಪೂಜೆಯನ್ನೇ ಬಿಡಿ ಅಂದರೆ ಅದೂ ಆಗದು. ಶ್ರಾವಣ ಬಂತು, ವರಮಹಾಲಕ್ಷ್ಮಿ, ಗೌರಿ, ಗಣಪತಿ, ಒಂದರ ಹಿಂದೊಂದು. ಒಲ್ಲೆ ಅಂದರೆ ಕೆಲಸ ಹೋಗಿ ಅಹಂಕಾರ ಬಂದಿದೆ ಅನ್ನುವವರು ಇದ್ದರು. ಇನ್ನೊಂದೂ ಇತ್ತು, ಅದನ್ನು ಅವರ ಹೆಂಡತಿ ನನಗೆ ಹೇಳಿದ್ದು. ವಾರವಿಡೀ ಅರ್ಜಿ ಹಾಕಿ, ನಿಮ್ಮ ಜಪಾನಿ ಸಾಲದು ಅನ್ನಿಸಿಕೊಂಡು, ಸಿಕ್ಕವರಿಗೆಲ್ಲ ಇನ್ನೂ ಏನೂ ಆಗಿಲ್ಲ ಎಂದು ಉತ್ತರ ಕೊಟ್ಟು ಕೊಟ್ಟು, ಆ ಮನುಷ್ಯ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದದ್ದು ಭಾನುವಾರದ ಆ ನಾಲ್ಕು ಗಂಟೆ ಮಾತ್ರ. ಅಲ್ಲಿ ಅವರು ಎದ್ದೇಳಿ ಅಂದರೆ ಮ್ಯಾನೇಜರುಗಳು ಏಳುತ್ತಿದ್ದರು.

ಹಣ ಕೊಡಬೇಡಿ, ಅಕ್ಕಿ ಬೇಳೆ ಕೊಡಿ ಎಂದು ನಾನು ಮನೆಮನೆಗೆ ಹೇಳಿ ಬಂದೆ. ಭಟ್ಟರು ಐದು ಕಿಲೋ ಸೋನಾಮಸೂರಿಯನ್ನೂ ಫಾರಂನಲ್ಲಿ ಬರೆದರು. ಆಮೇಲೆ ಅವರೇ ಒಂದು ದಾರಿ ಹುಡುಕಿದರು. ಇನ್ನು ಮೇಲೆ ಎಲ್ಲರೂ ಒಂದೇ ಒಂದು ಯೆನ್ ಇಡಿ, ಕಟ್ಟಳೆಯೂ ಉಳಿಯಿತು, ಕಚೇರಿಗೂ ತೊಂದರೆಯಿಲ್ಲ. ಒಂದು ಯೆನ್‌ಗೆ ಇಲ್ಲಿ ಒಂದು ಬೆಂಕಿಕಡ್ಡಿಯೂ ಬರುವುದಿಲ್ಲ. ಅಕ್ಟೋಬರಿನ ಫಾರಂನಲ್ಲಿ ನಾಲ್ಕು ಸೊನ್ನೆ, ಪ್ರತಿಯೊಂದರ ಮುಂದೆ ಆದಾಯ ಒಂದು ಯೆನ್. ಮೊರಿ ಸಾನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅವರು ನಗಲಿಲ್ಲ. ತುಂಬ ಮೆತ್ತಗೆ ಹೇಳಿದರು. ಎಷ್ಟು ಬಂತು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ. ಎಲ್ಲೋ ಒಮ್ಮೆ ಪರಿಚಯದವರ ಮನೆಯಲ್ಲಿ ಮಾಡಿದರೆ ಅದು ಸಹಾಯ, ಅವರು ಕೊಟ್ಟದ್ದು ಕೃತಜ್ಞತೆ. ವಾರ ವಾರ ಮಾಡಿ ಸರಿಯಾದ ಹಣ ಪಡೆದರೆ ಅದು ಕಸುಬು. ಆಗ ಭತ್ಯೆಯ ಮಾತಿರಲಿ, ನಿಮ್ಮ ವೀಸಾ ಅದಕ್ಕೆ ಅವಕಾಶ ಕೊಡುತ್ತದೋ ಇಲ್ಲವೋ ವೀಸಾ ಕಚೇರಿಯವರನ್ನು ಕೇಳಬೇಕಾಗುತ್ತದೆ. ಸದ್ಯಕ್ಕೆ ಇದು ಒಂದು ಯೆನ್ ಆದ್ದರಿಂದ ಸಹಾಯ ಎಂದೇ ಬರೆದುಕೊಳ್ಳುತ್ತೇನೆ ಎಂದರು. ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಅವತ್ತಿನಿಂದ ಭಟ್ಟರು ಕಂಡವರಿಗೆಲ್ಲ ತಿಂಗಳಿಗೆ ಎರಡೇ ಪೂಜೆ ಎಂದು ಕೈಮುಗಿದರು.

ಕಾರ್ತಿಕ ಮಾಸದಲ್ಲಿ ಒಂದು ನಮ್ಮ ಮನೆಯದು. ತಪ್ಪು ಮಾಡಿದ್ದು ನಾನು. ಬಾಡಿಗೆ ಕಟ್ಟಿದ ಮೇಲೆ ಆ ಮನೆಯಲ್ಲಿ ಏನು ಉಳಿಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಮಗಳ ಟ್ಯೂಷನ್ನಿನವರು ಪರೀಕ್ಷೆಗೆ ಮುಂಚಿನ ಚಳಿಗಾಲದ ಕ್ಲಾಸಿಗೆ ಬೇರೆ ಫೀಸು ಕೇಳಿದ್ದರು. ಉಳಿದ ಮಕ್ಕಳೆಲ್ಲ ಸೇರಿದ್ದರು, ಈ ಹುಡುಗಿ ನನಗೆ ಬೇಡ ಅಂದಿದ್ದಳಂತೆ. ಭಟ್ಟರ ಎಲೆಯ ಮೇಲೆ ಒಂದು ಯೆನ್ ಇಟ್ಟು ನಮಸ್ಕಾರ ಮಾಡಿದೆ. ಅವರ ಹೆಂಡತಿಗೆ ಅರಿಶಿನ ಕುಂಕುಮ ಕೊಡುವಾಗ ತಾಂಬೂಲದ ಚೀಲದಲ್ಲಿ, ರವಿಕೆ ಕಣದ ಮಡಿಕೆಯೊಳಗೆ, ಮೂವತ್ತು ಸಾವಿರ ಯೆನ್ ಇದ್ದ ಕವರು ಇಟ್ಟೆ. ಸಂಜೆ ಫೋನ್ ಮಾಡಿ, ಫೀಸು ಕಟ್ಟಿಬಿಡಿ, ಭಟ್ಟರಿಗೆ ಹೇಳಬೇಡಿ ಎಂದೆ. ಆಕೆ ಬಹಳ ಹೊತ್ತು ಬೇಡ ಅಂದರು. ಆಮೇಲೆ ಅತ್ತರು. ಆಮೇಲೆ ಕಟ್ಟಿದರು.

ಡಿಸೆಂಬರ್ ಮೊದಲ ವಾರ ಭಟ್ಟರು ಎಂದಿನಂತೆ ನಮ್ಮ ಪೂಜೆಗೆ ಸೊನ್ನೆ ಸುತ್ತಿ, ಒಂದು ಯೆನ್ ಎಂದು ಬರೆದು, ಕೆಳಗೆ ಇದೆಲ್ಲ ನಿಜ ಎಂದು ಸಹಿ ಹಾಕಿದರು. ಪಕ್ಕದಲ್ಲೇ ಕೂತಿದ್ದೆ. ಆ ಫಾರಂ ತೆಗೆದುಕೊಂಡು ನಾನೇ ಮೊರಿ ಸಾನ್ ಕಡೆ ತಳ್ಳಿದೆ. ಮೂರು ದಿನಕ್ಕೆ ಟ್ಯೂಷನ್ನಿನ ರಸೀದಿ ಅಂಚೆಯಲ್ಲಿ ಬಂತು. ಅವರ ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಬೆಳಿಗ್ಗೆ ಹತ್ತಕ್ಕೆ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಅದೇ ಕವರು, ಈಗ ಖಾಲಿ. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ನನ್ನ ಕೈಲಿ ಸುಳ್ಳು ಬರೆಸಿಬಿಟ್ರಲ್ಲ ತಾಯಿ," ಎಂದರು.

ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಕೂಗಾಡುತ್ತಿದ್ದೆ. ಅದು ನಿಮಗೆ ಕೊಟ್ಟದ್ದಲ್ಲ, ಒಬ್ಬ ಗೆಳತಿ ಇನ್ನೊಬ್ಬ ಗೆಳತಿಗೆ ಕೊಟ್ಟದ್ದು, ಅದಕ್ಕೂ ಪೂಜೆಗೂ ಸಂಬಂಧವಿಲ್ಲ ಎಂದು ವಾದ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಪೂಜೆ ಇಲ್ದೇ ಇದ್ದಿದ್ರೆ ಅವತ್ತು ಕೊಡ್ತಿದ್ರಾ?"

ಬರ್ದುಬಿಡೋಣ, ಈಗಲೇ ಬನ್ನಿ ಎಂದರು. ಹೋದರೆ ವೀಸಾದ ಮಾತು ಬರುತ್ತದೆ, ಇಷ್ಟು ದಿನ ಒಂದು ಯೆನ್ ಅಂದವರು ಒಳಗೊಳಗೆ ಹಣ ತೆಗೆದುಕೊಳ್ಳುತ್ತಿದ್ದರು ಅನ್ನುತ್ತಾರೆ, ಎಲ್ಲ ಪೂಜೆಯನ್ನೂ ಮತ್ತೆ ಕೆದಕುತ್ತಾರೆ, ಪರೀಕ್ಷೆಗೆ ಎರಡೂವರೆ ತಿಂಗಳಿದೆ, ಮಗಳ ಮುಖವನ್ನಾದರೂ ನೋಡಿ ಎಂದು ಬಸ್ ಸ್ಟಾಪಿನ ತನಕ ಬಡಿದುಕೊಂಡೆ. ಅವಳ ಮುಖ ನೋಡಬೇಕಲ್ಲ ತಾಯಿ, ಅದಕ್ಕೇ ಎಂದರು. ನನಗೆ ಆ ಕ್ಷಣ ಅವರನ್ನು ಕಂಡರೆ ಆಗಲಿಲ್ಲ. ಇಂಥ ಪ್ರಾಮಾಣಿಕರ ಜೊತೆ ಬದುಕುವವರ ಗತಿ ಏನು ಎಂದು ರೋಸಿಹೋಗಿತ್ತು.

ಕೌಂಟರಿನಲ್ಲಿ ಮೊರಿ ಸಾನ್ ಇದ್ದರು. ಭಟ್ಟರು ಕೂರಲಿಲ್ಲ. ನಿಂತೇ, ಕೈಮುಗಿದು, ಅವರ ಕಣ್ಣನ್ನೇ ನೋಡುತ್ತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. ಕಳೆದ ತಿಂಗಳ ಪೂಜೆಗೆ ನನ್ನ ಮನೆಗೆ ಮೂವತ್ತು ಸಾವಿರ ಬಂದಿದೆ. ನನಗೆ ಗೊತ್ತಿರಲಿಲ್ಲ. ಆದರೂ ಸಹಿ ನನ್ನದು. ತಿದ್ದಿ ಬರೆದುಕೊಳ್ಳಿ. ನಿಯಮ ಏನಿದೆಯೋ ಹಾಗೆ ಮಾಡಿ. ಇಷ್ಟು ಹೇಳಿ ನನ್ನ ಕಡೆ ತಿರುಗಿದರು. ಮೊರಿ ಸಾನ್ ಕೂಡ ನನ್ನ ಕಡೆ ತಿರುಗಿದರು.

ನಾನು ಜಪಾನಿಯಲ್ಲಿ ಹೇಳಿದ್ದು ಇದು. ಕೆಲಸದ ನಡುವೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಬೇಕು, ಗೊತ್ತುಮಾಡಿದ ದಿನವಲ್ಲದೆ ಬಂದದ್ದಕ್ಕೆ ಕ್ಷಮಿಸಬೇಕು, ಇವರ ಮಗಳಿಗೆ ಫೆಬ್ರವರಿಯಲ್ಲಿ ಪರೀಕ್ಷೆ, ಆ ದಿನವೇ ಇಲ್ಲಿಗೆ ಬರುವ ಸರದಿ ಬಂದರೆ ಬದಲಾಯಿಸಿಕೊಡುತ್ತೀರಾ ಎಂದು ಕೇಳುತ್ತಿದ್ದಾರೆ, ತುಂಬ ಚಿಂತೆ ಮಾಡುತ್ತಿದ್ದಾರೆ. ಜಪಾನಿ ಭಾಷೆಯಲ್ಲಿ ಬರೀ ಕ್ಷಮೆ ಕೇಳಿಕೊಂಡೇ ಎರಡು ನಿಮಿಷ ಮಾತಾಡಬಹುದು. ಉದ್ದ ಸರಿಹೋಯಿತು. ಮೊರಿ ಸಾನ್ ಕ್ಯಾಲೆಂಡರ್ ತಿರುವಿ ನೋಡಿದರು, ಪರವಾಗಿಲ್ಲ, ಯೋಚನೆ ಮಾಡಬೇಡಿ ಎಂದರು. ಎದ್ದು ನಿಂತು ಭಟ್ಟರಿಗೆ ಬಗ್ಗಿ ವಂದಿಸಿದರು.

ಪರವಾಗಿಲ್ಲವಂತೆ ಎಂದೆ ಭಟ್ಟರಿಗೆ.

ಆ ಮನುಷ್ಯನ ಕಣ್ಣು ತುಂಬಿಬಂತು. ಹೊರಗೆ ಬಂದು ಕೊಂಬಿನಿಯಲ್ಲಿ ನನಗೆ ಬಿಸಿ ಕಾಫಿಯ ಡಬ್ಬಿ ಕೊಡಿಸಿದರು. ಎಂಥಾ ಜನ ತಾಯಿ, ತಪ್ಪು ಒಪ್ಪಿಕೊಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತಾರಲ್ಲ ಎಂದರು. ಹುಡುಗಿಗೋಸ್ಕರ ಹೀಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಇನ್ನರ್ಧ, ಹಣ ಕೊಟ್ಟವರು ಯಾರು ಎಂದು ಮೊರಿ ಸಾನ್ ಕೇಳುತ್ತಾರೆ, ಆಗ ನನ್ನ ಹೆಸರು ಬರುತ್ತದೆ ಅನ್ನುವ ಹೆದರಿಕೆ.

ಆಮೇಲಿನ ನಾಲ್ಕು ವಾರ ನಾನು ಅನುಭವಿಸಿದ್ದು ಯಾರಿಗೂ ಬೇಡ. ಭಟ್ಟರು ಲಿಫ್ಟಿನಲ್ಲಿ, ಪಾರ್ಕಿನಲ್ಲಿ, ಕಸ ಹಾಕುವಲ್ಲಿ ಎಲ್ಲರಿಗೂ ಮೊರಿ ಸಾನ್ ದೊಡ್ಡತನ ಹೇಳಿದ್ದೇ ಹೇಳಿದ್ದು, ಇವರೇ ಸಾಕ್ಷಿ ಎಂದು ನನ್ನನ್ನು ತೋರಿಸಿದ್ದೇ ತೋರಿಸಿದ್ದು. ನಾನು ಹಲ್ಲು ಕಿರಿದು ತಲೆಯಾಡಿಸುತ್ತಿದ್ದೆ. ನಿಜ ಹೇಳಿದರೆ ಅವರು ಅದೇ ಬಸ್ಸು ಹತ್ತುತ್ತಾರೆ. ಹೇಳದಿದ್ದರೆ ಮುಂದಿನ ಸಲ ಅದೇ ಕೌಂಟರಿನಲ್ಲಿ ನಾನು ಮತ್ತೆ ಇನ್ನೊಂದು ಸುಳ್ಳು ಹೆಣೆಯಬೇಕು. ಅತ್ತ ಹೋಗುವಂತಿಲ್ಲ, ಇತ್ತ ಬರುವಂತಿಲ್ಲ. ಜನವರಿಯ ಸರದಿ ಬಂದಾಗ ನನ್ನ ಮಗನಿಗೆ ಫ್ಲೂ ಬಂತು. ದೇವರು ದೊಡ್ಡವನು ಅಂದುಕೊಂಡೆ, ಮಗನ ಜ್ವರಕ್ಕೆ ಖುಷಿಪಟ್ಟ ತಾಯಿ ನಾನು. ಭಟ್ಟರು ಒಬ್ಬರೇ ಹೋಗಿಬಂದರು. ಅಷ್ಟರಲ್ಲಿ ವಾರ್ಡ್ ಕಚೇರಿಯ ಉಚಿತ ಜಪಾನಿ ಕ್ಲಾಸಿಗೆ ಸೇರಿ ನಾಲ್ಕು ಮಾತು ಜೋಡಿಸುವುದನ್ನು ಕಲಿತಿದ್ದರು.

ಮಾರನೆಯ ದಿನ ಬಾಗಿಲ ಹತ್ತಿರ ಸಿಕ್ಕರು. ಮಗನ ಜ್ವರ ಕೇಳಿದರು. ಹೊರಡುವಾಗ ನಗುತ್ತಲೇ ಹೇಳಿದರು.

"ಇನ್ಮೇಲೆ ನೀವು ಬರೋದು ಬೇಡ ತಾಯಿ. ನನ್ನ ಮಾತು ನಾನೇ ಆಡ್ಬೇಕಲ್ವಾ."

ಜಪಾನಿ ಕಲಿತ ಹುಮ್ಮಸ್ಸು ಅಂದುಕೊಂಡೆ. ಬದುಕಿದೆ ಅಂದುಕೊಂಡೆ.

ಹುಡುಗಿ ಪಾಸಾದಳು. ಮಾರ್ಚಿನಲ್ಲಿ ಸಗಮಿಹಾರಾದ ಒಂದು ಚಿಕ್ಕ ಕಂಪನಿಯಲ್ಲಿ ಉಪಕರಣಗಳನ್ನು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು, ವೀಸಾವೂ ಆಯಿತು. ಸಂಬಳ ಹಿಂದಿನ ಅರ್ಧ. ಮಗಳ ಹೈಸ್ಕೂಲು ಇಲ್ಲೇ ಇದ್ದದ್ದರಿಂದ ಮನೆ ಬದಲಿಸಲಿಲ್ಲ. ಹೋಗುತ್ತ ಎರಡು ಗಂಟೆ, ಬರುತ್ತ ಎರಡು ಗಂಟೆ. ಅವರ ಹೆಂಡತಿ ಬೆಂತೋ ಊಟದ ಡಬ್ಬಿ ಕಟ್ಟುವ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಹಿಡಿದರು. ಹೈಸ್ಕೂಲಿನ ಖರ್ಚಿಗೆ ಇರಬೇಕು ಅಂದುಕೊಂಡೆ. ಭಟ್ಟರು ನಮ್ಮ ಮನೆಗೆ ಪ್ರತಿ ಕಾರ್ತಿಕಕ್ಕೂ ಬಂದರು, ಐದೂ ಅಧ್ಯಾಯ ಓದಿದರು, ಎರಡೆರಡು ಸಲ ಸಜ್ಜಿಗೆ ಹಾಕಿಸಿಕೊಂಡರು. ಮುಖದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಮೊರಿ ಸಾನ್ ವಿಷಯ ಮಾತ್ರ ಮತ್ತೆ ಎತ್ತಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಅವರು ಸತ್ತ ಮೇಲೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ, ಫೆಬ್ರವರಿ ಕೊನೆಯಲ್ಲಿ, ಅವರ ಹೆಂಡತಿ ಒಂದು ನೀಲಿ ಫೈಲು ಹಿಡಿದುಕೊಂಡು ಬಂದರು. ಭಟ್ಟರು ಒಂದು ಚೀಟಿಯನ್ನೂ ಬಿಸಾಡಿದವರಲ್ಲ. ಯಾವುದು ಬೇಕು, ಯಾವುದು ಬೇಡ ನೋಡಿಕೊಡಿ ಎಂದರು. ಆಕೆಗೆ ಅಡುಗೆಮನೆಯ ಜಪಾನಿ ಮಾತು ಬರುತ್ತದೆ, ಓದಲು ಬರುವುದಿಲ್ಲ. ತೆರಿಗೆಯದು ಒಂದು ಕಡೆ, ವಿಮೆಯದು ಒಂದು ಕಡೆ ಇಡುತ್ತ ಹೋದೆ. ಉದ್ಯೋಗ ಕಚೇರಿಯ ಕಾಗದಗಳು ಬಂದವು. ಪಡೆದ ಭತ್ಯೆಯನ್ನೂ ದಂಡವನ್ನೂ ಕಂತಿನಲ್ಲಿ ಕಟ್ಟಿದ ರಸೀದಿಗಳು, ಒಂದೂವರೆ ವರ್ಷದ್ದು.

"ಇದೊಂದು ನಂಗೆ ಅರ್ಥವೇ ಆಗ್ಲಿಲ್ಲ ನೋಡಿ," ಎಂದರು ಆಕೆ. "ಡಿಸೆಂಬರಲ್ಲೇ ನೀವಿಬ್ರೂ ಹೋಗಿ ಹೇಳಿ ಬಂದಿದ್ರಲ್ಲ. ಆಮೇಲೂ ಯಾಕೆ ದಂಡ ಹಾಕಿದ್ರು? ಕೇಳಿದ್ರೆ ಬಿಡು ಅಂತಿದ್ರು, ಅಷ್ಟೇ."

ರಸೀದಿಗಳ ಕೆಳಗೆ ಒಂದು ಹಾಳೆ ಇತ್ತು. ಜನವರಿಯಲ್ಲಿ ಅವರು ಒಬ್ಬರೇ ಹೋದ ದಿನದ್ದು. ಆ ಹಣದ ಮಾತು ತಾವೇ ತೆಗೆದಾಗ, ಅದು ಅಲ್ಲಿ ದಾಖಲಾಗಿಯೇ ಇಲ್ಲ ಎಂದು ಅವರಿಗೆ ಗೊತ್ತಾಗಿರಬೇಕು. ಮೇಲೆ ಕಚೇರಿಯವರ ಅಚ್ಚಿನ ಪ್ರಶ್ನೆಗಳು, ಕೆಳಗೆ ಒಂದನೇ ತರಗತಿಯ ಮಕ್ಕಳು ಬರೆಯುವ ಹಾಗೆ ದಪ್ಪ ದಪ್ಪ ಅಕ್ಷರದಲ್ಲಿ ಭಟ್ಟರ ಉತ್ತರಗಳು. ಮೂವತ್ತು ಸಾವಿರ ಬಂದದ್ದು ಬರೆದಿದ್ದರು. ಪರಿಚಯದವರು ಕೊಟ್ಟರು ಎಂದಿತ್ತು, ಹೆಸರಿರಲಿಲ್ಲ. ಕೊನೆಯ ಪ್ರಶ್ನೆ, ಡಿಸೆಂಬರಿನಲ್ಲಿ ನೀವು ದುಭಾಷಿಯ ಜೊತೆ ಇಲ್ಲಿಗೆ ಬಂದಿದ್ದಿರಿ, ಆಗಲೇ ಏಕೆ ತಿಳಿಸಲಿಲ್ಲ ಎಂದು. ತಿಳಿಸಿದೆ, ಆಕೆ ಹೇಳಲಿಲ್ಲ ಎಂದು ಅವರು ಬರೆದಿದ್ದರೆ ದಂಡವಾದರೂ ತಪ್ಪುತ್ತಿತ್ತು. ಅದರ ಕೆಳಗಿನ ಉತ್ತರವನ್ನು ಓದಿದೆ. ಮತ್ತೆ ಓದಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

ಏನು ಬರೆದಿದ್ದಾರೆ ಎಂದು ಕೇಳಿದರು. ಅವತ್ತು ಕೌಂಟರಿನಲ್ಲಿ ಇದ್ದಂತೆ ಇವತ್ತೂ ಒಬ್ಬರು ಕಾಯುತ್ತಿದ್ದರು, ನಡುವೆ ನಾನಿದ್ದೆ. ಹಳೇ ಕಾಗದ, ಬೇಡದ್ದು ಎಂದು ಪಕ್ಕಕ್ಕಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಟ್ಟರು ಬರೆದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ನಾನು ಹೇಳಿದ್ದನ್ನೆಲ್ಲ ದುಭಾಷಿ ಸರಿಯಾಗಿ ಹೇಳಿದರು. ಹಣದ ವಿಷಯವನ್ನು ಅವತ್ತು ನಾನೇ ಹೇಳಲಿಲ್ಲ. ಹೆದರಿಕೆಯಾಯಿತು. ತಪ್ಪು ನನ್ನದು ಮಾತ್ರ.

"ಹೇಳಿದೆ ಅಂತ ಮನೆಗೆ ಬಂದು ಅತ್ತಿದ್ರು," ಎಂದರು ಆಕೆ. "ನನ್ನ ಹತ್ರ ಸುಳ್ಳು ಹೇಳೋರಲ್ಲ ಅವರು."

"ಹೇಳಿದ್ರು," ಎಂದೆ. "ಪೂರ್ತಿ ಹೇಳಿದ್ರು. ನಾನು ಜಪಾನೀಸಲ್ಲಿ ಬೇರೆ ಏನೋ ಹೇಳಿದೆ."

ಆಕೆ ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಫೈಲಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ, ಆ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಅವರು ಬರ್ದಿರೋ ಹಾಗೇ ಓದಿ," ಎಂದರು. "ಜಪಾನೀಸಲ್ಲೇ. ನಾನು ಕೇಳ್ಬೇಕು."

ಓದತೊಡಗಿದೆ. ದುಭಾಷಿ ಸರಿಯಾಗಿ ಹೇಳಿದರು ಅನ್ನುವ ಸಾಲಿಗೆ ಬಂದಾಗ ಓದು ನಿಲ್ಲಿಸಿದೆ. ಆಕೆ ನೀರು ಕೊಡಲಿಲ್ಲ, ಸಾಕು ಅನ್ನಲೂ ಇಲ್ಲ. ನಾನು ಪೂರ್ತಿ ಓದುವ ತನಕ ಹಾಗೇ ಕೂತು ಕಾದರು.